ವಿದೇಶದ ಬಾಡಿಗೆ ಕಾರು: ಬುಕಿಂಗ್ ದರಕ್ಕೂ ಕೊನೆಯ ಬಿಲ್ಲಿಗೂ ನಡುವೆ ಏನೇನು ಸೇರಿಕೊಳ್ಳುತ್ತದೆ?

ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ವಾಪಸು ಕೊಟ್ಟ ಗ್ರಾಹಕರೊಬ್ಬರಿಗೆ 2025ರಲ್ಲಿ 440 ಡಾಲರಿನ ಬಿಲ್ ಬಂತು. ಚಕ್ರದ ರಿಮ್ಮಿನ ಮೇಲೆ ಒಂದು ಇಂಚಿನ ತರಚು ಇದೆ ಎಂಬುದು ಕಾರಣ. ಅದನ್ನು ಪತ್ತೆ ಮಾಡಿದ್ದು ಯಾವ ಸಿಬ್ಬಂದಿಯೂ ಅಲ್ಲ, ಕಾರು ಹಾದುಹೋಗುವ ಕಮಾನಿನಲ್ಲಿ ಅಳವಡಿಸಿದ್ದ ಕ್ಯಾಮೆರಾಗಳು ಮತ್ತು ಅವುಗಳ ಹಿಂದಿನ ಕೃತಕ ಬುದ್ಧಿಮತ್ತೆ. ಬಿಲ್ಲನ್ನು ಬಿಡಿಸಿದರೆ ರಿಪೇರಿಗೆ 250 ಡಾಲರ್, 'ಪ್ರಾಸೆಸಿಂಗ್' ಹೆಸರಲ್ಲಿ 125, ಆಡಳಿತ ವೆಚ್ಚಕ್ಕೆ 65. ರಿಪೇರಿಯ ಮುಕ್ಕಾಲು ಭಾಗದಷ್ಟು ಹಣ ಬರೀ ಕಾಗದಪತ್ರಕ್ಕೇ ಹೋಗಿತ್ತು.

ಆ ಕಾರು ಕೊಟ್ಟಿದ್ದ ಹರ್ಟ್ಜ್ ಕಂಪನಿ ಆ ವರ್ಷದ ಏಪ್ರಿಲ್‌ನಲ್ಲಿ ಯುವಿಐ ಎಂಬ ಸಂಸ್ಥೆಯ ಸ್ಕ್ಯಾನರ್‌ಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಕೂರಿಸುವುದಾಗಿ ಪ್ರಕಟಿಸಿತ್ತು. ವರ್ಷಾಂತ್ಯಕ್ಕೆ 100 ನಿಲ್ದಾಣಗಳ ಗುರಿ ಇತ್ತು. ದೂರುಗಳು ಸುದ್ದಿಯಾದ ಮೇಲೆ, ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯ ಉಪಸಮಿತಿಯೊಂದು ಕಂಪನಿಗೆ ಪತ್ರ ಬರೆದು ವಿವರ ಕೇಳಿತು. ಸ್ಕ್ಯಾನ್ ಆದ ಬಾಡಿಗೆಗಳಲ್ಲಿ 97 ಶೇಕಡಕ್ಕೂ ಹೆಚ್ಚಿನವಕ್ಕೆ ಯಾವ ಹಾನಿಯ ಬಿಲ್ಲೂ ಹೋಗಿಲ್ಲ ಎಂದು ಕಂಪನಿ ಉತ್ತರಿಸಿತು.

ಎರಡೂ ಮಾತು ಒಟ್ಟಿಗೇ ನಿಜವಾಗಿರಬಹುದು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು, ಇಟಲಿಗೋ ನ್ಯೂಜಿಲೆಂಡಿಗೋ ಮಧುಚಂದ್ರಕ್ಕೆ ಹೊರಡುವವರು, ದುಬೈಗೆ ವಾರದ ಮಟ್ಟಿಗೆ ಹೋಗುವ ಮಂಗಳೂರು ಉಡುಪಿಯವರು, ಇವರ ಪ್ರಶ್ನೆ ಮಾತ್ರ ಬೇರೆ: 200 ಡಾಲರ್ ಎಂದು ಬುಕ್ ಮಾಡಿದ ಕಾರು 450 ಆಗುವುದು ಹೇಗೆ? ಆ ಹೆಚ್ಚುವರಿ ಹಣದ ಒಂದೊಂದು ಪಾಲೂ ಪ್ರಯಾಣದ ಒಂದು ನಿರ್ದಿಷ್ಟ ಘಟ್ಟದಲ್ಲಿ ಹುಟ್ಟುತ್ತದೆ. ಎಲ್ಲಿ ಹುಟ್ಟುತ್ತದೆಂದು ತಿಳಿದರೆ ಅದರಲ್ಲಿ ದೊಡ್ಡ ಪಾಲನ್ನು ತಡೆಯಬಹುದು.

ತೋರಿಸುವ ದರ ಯಾಕೆ ಅಷ್ಟು ಕಡಿಮೆ?

ದರ ಹೋಲಿಸುವ ಜಾಲತಾಣಗಳಲ್ಲಿ ಕಾರುಗಳು ಸಾಲಾಗಿ ನಿಲ್ಲುವುದು ಬೆಲೆಯ ಕ್ರಮದಲ್ಲಿ. ಮೊದಲ ಪುಟದಲ್ಲಿ ಕಾಣದ ಕಂಪನಿಗೆ ಗಿರಾಕಿಯೇ ಇಲ್ಲ. ಹಾಗಾಗಿ ದಿನದ ಬಾಡಿಗೆಯನ್ನು ನಷ್ಟದ ಅಂಚಿನವರೆಗೂ ಇಳಿಸಿ, ಲಾಭವನ್ನು ಆಮೇಲೆ ಬರುವ ಸಾಲುಗಳಿಂದ ತೆಗೆಯುವ ವ್ಯಾಪಾರ ಬೆಳೆಯಿತು. ಪ್ರಾಮಾಣಿಕವಾಗಿ ಪೂರ್ತಿ ದರ ಬರೆದ ಕಂಪನಿ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಅದಕ್ಕೇ ಯಾರೂ ಮೊದಲು ಬದಲಾಗುವ ಧೈರ್ಯ ಮಾಡುವುದಿಲ್ಲ.

ಸರ್ಕಾರಗಳು ಇದನ್ನು ನೋಡುತ್ತಾ ಕೂತಿಲ್ಲ. ಕೆನಡಾದ ಸ್ಪರ್ಧಾ ನಿಯಂತ್ರಣ ಸಂಸ್ಥೆ 2016ರಲ್ಲಿ ಏವಿಸ್ ಮತ್ತು ಬಜೆಟ್ ಕಂಪನಿಗಳಿಂದ 30 ಲಕ್ಷ ಕೆನಡಿಯನ್ ಡಾಲರ್ ದಂಡ ಕಟ್ಟಿಸಿಕೊಂಡಿತು. ಜಾಹೀರಾತಿನ ಬೆಲೆಗೆ ಆ ಕಾರು ಸಿಗುವುದು ಸಾಧ್ಯವೇ ಇರಲಿಲ್ಲ, ಕಡ್ಡಾಯ ಶುಲ್ಕಗಳನ್ನು ಕೊನೆಯಲ್ಲಿ ಸೇರಿಸುತ್ತಿದ್ದರು ಎಂಬುದು ಆಕ್ಷೇಪ. 2017ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ಐದು ದೊಡ್ಡ ಕಂಪನಿಗಳಿಂದ, ತಪ್ಪಿಸಲಾಗದ ಎಲ್ಲ ಶುಲ್ಕವನ್ನೂ ಸೇರಿಸಿಯೇ ದರ ತೋರಿಸುತ್ತೇವೆ ಎಂಬ ಬದ್ಧತೆ ಪಡೆಯಿತು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್ 6ರಿಂದ ಕಡ್ಡಾಯ ಶುಲ್ಕ ಬಚ್ಚಿಟ್ಟು ಬೆಲೆ ಹೇಳುವುದೇ ಕಾನೂನುಬಾಹಿರ. ಅಮೆರಿಕದ ಕೇಂದ್ರ ವ್ಯಾಪಾರ ಆಯೋಗವೂ 2025ರ ಮೇನಲ್ಲಿ ಇಂಥದೇ ನಿಯಮ ಜಾರಿಗೆ ತಂದಿತು. ಆದರೆ ಅದು ಕಾರ್ಯಕ್ರಮದ ಟಿಕೆಟ್‌ಗಳಿಗೂ ಹೋಟೆಲಿನಂಥ ತಾತ್ಕಾಲಿಕ ವಸತಿಗೂ ಮಾತ್ರ ಅನ್ವಯ. ಬಾಡಿಗೆ ಕಾರು ಅದರ ಹೊರಗೇ ಉಳಿಯಿತು.

ಈ ಎಲ್ಲ ಕಾನೂನುಗಳಲ್ಲೂ ಒಂದೇ ಪದ ಮತ್ತೆ ಮತ್ತೆ ಬರುತ್ತದೆ: ಕಡ್ಡಾಯ. ಕಡ್ಡಾಯ ಶುಲ್ಕಕ್ಕೆ ಕಡಿವಾಣ ಬಿದ್ದಂತೆ ಹಣ ಹುಟ್ಟುವ ಜಾಗ ಬದಲಾಯಿತು. ಕೌಂಟರಿನಲ್ಲಿ 'ನಿಮ್ಮ ಇಷ್ಟ' ಎಂದು ಮಾರುವ ರಕ್ಷಣೆ, ರಸ್ತೆಯಲ್ಲಿ ತಪ್ಪಾದರೆ ಬೀಳುವ ನಿರ್ವಹಣಾ ಶುಲ್ಕ, ವಾಪಸು ಕೊಟ್ಟ ಮೇಲೆ ಬರುವ ಹಾನಿಯ ಬಿಲ್, ಇವು ಯಾವುವೂ ಕಡ್ಡಾಯವಲ್ಲ. ಆದ್ದರಿಂದ ದರಪಟ್ಟಿಯ ಕಾನೂನಿಗೆ ಇವು ಸಿಗುವುದಿಲ್ಲ. ಇವತ್ತು ಬಾಡಿಗೆದಾರರನ್ನು ಹೆಚ್ಚು ನೋಯಿಸುವ ಮೊತ್ತಗಳು ಇರುವುದು ಇಲ್ಲೇ.

ವಿಮಾನ ನಿಲ್ದಾಣದ 11.11 ಶೇಕಡ

ಅಮೆರಿಕದ ಬಿಲ್ಲಿನಲ್ಲಿ 'ಕನ್ಸೆಷನ್ ರಿಕವರಿ' ಎಂಬ ಸಾಲು ಹಲವು ನಿಲ್ದಾಣಗಳಲ್ಲಿ 11.11 ಶೇಕಡ ಇರುತ್ತದೆ. ಈ ವಿಚಿತ್ರ ಅಂಕಿಯ ಹಿಂದಿನ ಲೆಕ್ಕ ಸರಳ. ನಿಲ್ದಾಣ ತನ್ನ ಜಾಗದಲ್ಲಿ ವ್ಯಾಪಾರ ಮಾಡುವ ಕಂಪನಿಯ ಒಟ್ಟು ವಸೂಲಿಯಲ್ಲಿ 10 ಶೇಕಡ ಕೇಳುತ್ತದೆ. ಆ ಶುಲ್ಕವನ್ನು ಕಂಪನಿ ಗ್ರಾಹಕರಿಂದ ವಸೂಲು ಮಾಡಿದಾಗ ಅದೂ ಒಟ್ಟು ವಸೂಲಿಗೇ ಸೇರುವುದರಿಂದ ಅದರ ಮೇಲೂ 10 ಶೇಕಡ ಕೊಡಬೇಕು. 100 ಡಾಲರ್ ಕೈಯಲ್ಲಿ ಉಳಿಯಬೇಕಾದರೆ 111.11 ವಸೂಲು ಮಾಡಬೇಕು.

ಉದಾಹರಣೆಗೆ, ದಿನಕ್ಕೆ 50 ಡಾಲರ್ ಬಾಡಿಗೆಯ ಕಾರು, 4 ದಿನ ಎಂದಿಟ್ಟುಕೊಳ್ಳೋಣ. ಮೂಲ ಬಾಡಿಗೆ 200. ಕನ್ಸೆಷನ್ ಶುಲ್ಕ 22.22. ನಿಲ್ದಾಣದ ಬಾಡಿಗೆ ಕೇಂದ್ರದ ನಿರ್ಮಾಣಕ್ಕೆಂದು ದಿನಕ್ಕೆ 6 ಡಾಲರಿನಂತೆ 24. ಇವೆಲ್ಲದರ ಮೇಲೆ 8 ಶೇಕಡ ತೆರಿಗೆ ಎಂದರೆ ಸುಮಾರು 20. ಕೀ ಕೈಗೆ ಬರುವ ಮೊದಲೇ 266 ಡಾಲರ್ ಆಯಿತು. ಕೌಂಟರಿನಲ್ಲಿ ದಿನಕ್ಕೆ 30 ಡಾಲರಿನ ಹಾನಿ ರಕ್ಷಣೆಯನ್ನೂ 15 ಡಾಲರಿನ ಹೊಣೆಗಾರಿಕೆ ವಿಮೆಯನ್ನೂ ಸೇರಿಸಿದರೆ ಇನ್ನು 180. ಒಟ್ಟು 446.

ನಿಲ್ದಾಣದ ಶುಲ್ಕ ತಪ್ಪಿಸುವ ದಾರಿ ಊರೊಳಗಿನ ಶಾಖೆಯಿಂದ ಕಾರು ಪಡೆಯುವುದು. ವಾರಕ್ಕಿಂತ ಹೆಚ್ಚಿನ ಬಾಡಿಗೆಗೆ ಉಳಿತಾಯ ಗಣನೀಯ. ಆದರೆ ಊರೊಳಗಿನ ಶಾಖೆಗಳು ಸಂಜೆ ಬೇಗ ಮುಚ್ಚುತ್ತವೆ, ಭಾನುವಾರ ಹಲವು ತೆರೆಯುವುದೇ ಇಲ್ಲ. ವಾಪಸು ಕೊಡುವ ಸಮಯ ಅದಕ್ಕೆ ಹೊಂದಬೇಕು.

ಕೌಂಟರಿನ ಹತ್ತು ನಿಮಿಷ

ಇಲ್ಲಿ ಗೊಂದಲ ಹುಟ್ಟಿಸುವುದು ಎರಡು ಪದ: ಸಿಡಿಡಬ್ಲ್ಯು (ಕೊಲಿಷನ್ ಡ್ಯಾಮೇಜ್ ವೇವರ್) ಮತ್ತು ಎಕ್ಸೆಸ್. ಸಿಡಿಡಬ್ಲ್ಯು ನಮ್ಮೂರಿನ ಅರ್ಥದ ವಿಮೆಯಲ್ಲ. ಕಾರಿಗೆ ಡಿಕ್ಕಿಯಿಂದ ಹಾನಿಯಾದರೆ ಇಷ್ಟಕ್ಕಿಂತ ಹೆಚ್ಚು ನಿಮ್ಮಿಂದ ಕೇಳುವುದಿಲ್ಲ ಎಂದು ಕಂಪನಿ ಕೊಡುವ ಮಾತು ಅದು. ಆ 'ಇಷ್ಟು' ಎಂಬುದೇ ಎಕ್ಸೆಸ್. ಭಾರತದಲ್ಲಿ 1,500 ಸಿಸಿವರೆಗಿನ ಸ್ವಂತ ಕಾರಿನ ವಿಮೆಯಲ್ಲಿ ಮಾಲೀಕರ ಕೈಯಿಂದ ಕಡ್ಡಾಯವಾಗಿ ಹೋಗುವ ಪಾಲು 1,000 ರೂಪಾಯಿ. ಯುರೋಪಿನ ಸಾಮಾನ್ಯ ಬಾಡಿಗೆ ಕಾರಿನಲ್ಲಿ ಅದೇ ಪಾಲು 1,000ದಿಂದ 2,500 ಯೂರೋವರೆಗೂ ಇರಬಹುದು. 'ವಿಮೆ ಸೇರಿದೆ' ಎಂಬ ಎರಡು ಪದ ಓದಿ ನಿಶ್ಚಿಂತರಾಗುವವರು ಮೋಸಹೋಗುವುದು ಈ ವ್ಯತ್ಯಾಸದಲ್ಲಿ.

ಎಕ್ಸೆಸ್ ಸೊನ್ನೆಗೆ ಇಳಿಸುವ 'ಸೂಪರ್' ರಕ್ಷಣೆಯನ್ನು ಕೌಂಟರಿನಲ್ಲಿ ಮಾರುತ್ತಾರೆ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರಿಗೆ, ಹಿಂದೆ ಸರದಿ ನಿಂತಿರುವಾಗ, ಹಸ್ತಾಕ್ಷರಕ್ಕೆಂದು ಟ್ಯಾಬ್ಲೆಟ್ ಮುಂದೆ ಚಾಚುವಾಗ ಒಂದೊಂದು ಸಾಲನ್ನೂ ಓದುವ ತಾಳ್ಮೆ ಇರುವುದಿಲ್ಲ. ಬೇಡವೆಂದು ಬಾಯಲ್ಲಿ ಹೇಳಿದ್ದು ಟ್ಯಾಬ್ಲೆಟ್ಟಿನಲ್ಲಿ 'ಸ್ವೀಕರಿಸಲಾಗಿದೆ' ಎಂದಿದ್ದರೆ ಕೊನೆಗೆ ನಿಲ್ಲುವುದು ಹಸ್ತಾಕ್ಷರ ಮಾತ್ರ. ಆದ್ದರಿಂದ ಸಹಿಗೆ ಮೊದಲು ಒಟ್ಟು ಮೊತ್ತದ ಪುಟ ತೋರಿಸಲು ಕೇಳಬೇಕು. ಬುಕಿಂಗ್ ಕಾಗದದಲ್ಲಿಲ್ಲದ ಪ್ರತಿ ಸಾಲಿಗೂ 'ಇದು ಏನು, ತೆಗೆಯಬಹುದೆ?' ಎಂದು ಕೇಳಿ, ಒಪ್ಪಂದದ ಪ್ರತಿ ಇಮೇಲಿಗೆ ಬಂದದ್ದನ್ನು ಅಲ್ಲೇ ನೋಡಿಕೊಳ್ಳಬೇಕು. ಇನ್ನೂ ದೊಡ್ಡ ಕಾರು 'ಕೊಡುತ್ತೇವೆ' ಎಂದಾಗ ಅದು ಪುಕ್ಕಟೆಯೋ ದಿನದ ಲೆಕ್ಕವೋ ಎಂದೂ ಕೇಳಬೇಕು.

ಸೂಪರ್ ರಕ್ಷಣೆ ಕೊಂಡರೂ ಹೊರಗುಳಿಯುವುದು ಇದೆ. ಟೈರು, ರಿಮ್ಮು, ಗಾಜು, ಕಾರಿನ ತಳಭಾಗ, ಛಾವಣಿ, ಒಳಗಿನ ಸೀಟು, ಕಳೆದುಹೋದ ಕೀ, ತಪ್ಪು ಇಂಧನ ಇವುಗಳಲ್ಲಿ ಒಂದಲ್ಲ ಒಂದು ಹೊರಗಿಡುವ ಒಪ್ಪಂದಗಳೇ ಹೆಚ್ಚು. ಹಾನಿ ಜಾಸ್ತಿಯಾಗುವುದೂ ಇವಕ್ಕೇ. ಕಿರಿದಾದ ಬೀದಿಯ ಕಲ್ಲಿನ ಅಂಚಿಗೆ ರಿಮ್ಮು ಉಜ್ಜುತ್ತದೆ, ಜಲ್ಲಿ ರಸ್ತೆಯಲ್ಲಿ ಸಿಡಿದ ಕಲ್ಲು ಗಾಜಿಗೆ ಬಡಿಯುತ್ತದೆ. ಐಸ್‌ಲೆಂಡಿನಲ್ಲಿ ಜಲ್ಲಿಗೆ ಒಂದು, ಮರಳು ಮತ್ತು ಬೂದಿಯ ಬಿರುಗಾಳಿಗೆ ಇನ್ನೊಂದು ರಕ್ಷಣೆ ಪ್ರತ್ಯೇಕವಾಗಿ ಮಾರುತ್ತಾರೆ. ಅಷ್ಟೆಲ್ಲ ಕೊಂಡರೂ, ಗಾಳಿಗೆ ಸಿಕ್ಕಿ ಬಾಗಿಲು ಕೀಲು ಮುರಿದರೆ ಸಾಮಾನ್ಯವಾಗಿ ಅದಕ್ಕೆ ಯಾವ ರಕ್ಷಣೆಯೂ ಇಲ್ಲ.

ಮಧ್ಯವರ್ತಿ ಜಾಲತಾಣದಲ್ಲಿ ಬುಕ್ ಮಾಡುವಾಗ 'ಸಂಪೂರ್ಣ ರಕ್ಷಣೆ' ಕೊಂಡವರ ಪಾಡು ಇನ್ನೂ ಗೋಜಲು. ಅಲ್ಲಿ ಒಪ್ಪಂದ ಎರಡು: ಒಂದು ಜಾಲತಾಣದ ಜೊತೆ, ಇನ್ನೊಂದು ಕಾರಿನ ಕಂಪನಿಯ ಜೊತೆ. ಜಾಲತಾಣದ ರಕ್ಷಣೆ ಕಾರಿನ ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಕೌಂಟರಿನವರು ಪೂರ್ತಿ ಎಕ್ಸೆಸ್ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಹಾನಿಯಾದರೆ ವಸೂಲಿಯನ್ನೂ ಮಾಡುತ್ತಾರೆ. ಆಮೇಲೆ ಬಿಲ್ಲು, ಒಪ್ಪಂದ, ಹಾನಿಯ ವರದಿ ಎಲ್ಲ ಕಳಿಸಿ ಜಾಲತಾಣದಿಂದ ಹಣ ಮರಳಿ ಪಡೆಯುವುದು ಗ್ರಾಹಕರ ಕೆಲಸ. 'ನಿಮ್ಮ ವಿಮೆ ಇಲ್ಲಿ ನಡೆಯುವುದಿಲ್ಲ' ಎಂದು ಕೌಂಟರಿನಲ್ಲಿ ಹೇಳುವ ಮಾತಿನಲ್ಲಿ ಇರುವ ಸತ್ಯ ಇಷ್ಟೇ. ಅದನ್ನು ಕೇಳಿ ಗಾಬರಿಯಾಗಿ ಅದೇ ರಕ್ಷಣೆಯನ್ನು ಎರಡನೇ ಸಲ ಕೊಳ್ಳುವವರು ಬಹಳ.

ಅಮೆರಿಕದಲ್ಲಿ ವಾಸದ ದೇಶ ಯಾವುದೆಂದು ತುಂಬುವುದೇ ದರ

ಯುರೋಪಿನಲ್ಲಿ ಎದುರಿನವರಿಗೆ ಆದ ಹಾನಿಯ ವಿಮೆ ಕಾರಿನ ಜೊತೆಗೇ ಬರುತ್ತದೆ. ಅಮೆರಿಕದಲ್ಲಿ ಆ ಹೊಣೆ ರಾಜ್ಯದ ಕನಿಷ್ಠ ಮಿತಿಯಷ್ಟೇ, ಕೆಲವು ರಾಜ್ಯಗಳಲ್ಲಿ ಅದೂ ಗ್ರಾಹಕರ ಸ್ವಂತ ವಿಮೆಯ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾ 2025ರ ಜನವರಿಯಲ್ಲಿ ತನ್ನ ಮಿತಿ ಏರಿಸಿದ ಮೇಲೂ ಒಬ್ಬ ವ್ಯಕ್ತಿಯ ಗಾಯಕ್ಕೆ 30,000 ಡಾಲರ್ ಮಾತ್ರ. ಗಾಯ ಗಂಭೀರವಾಗಿದ್ದರೆ ಅಲ್ಲಿನ ಆಸ್ಪತ್ರೆ ಖರ್ಚಿನ ಮುಂದೆ ಇದು ಬಹಳ ಬೇಗ ಮುಗಿದುಹೋಗುತ್ತದೆ.

ಅಮೆರಿಕನ್ನರಿಗೆ ಮನೆಯಲ್ಲಿರುವ ಕಾರಿನ ವಿಮೆ ಬಾಡಿಗೆ ಕಾರಿಗೂ ಹಬ್ಬುವುದರಿಂದ ಅವರಿಗೆ ಬರೀ ಬಾಡಿಗೆ ತೋರಿಸುವ ಅಗ್ಗದ ದರ ಸಾಕು. ಭಾರತದಿಂದ ಹೋದವರಿಗೆ ಆ ಆಸರೆ ಇಲ್ಲ. ಬುಕಿಂಗ್ ಮಾಡುವಾಗ 'ವಾಸದ ದೇಶ' ಎಂಬಲ್ಲಿ ಅಮೆರಿಕ ಎಂದು ಹಾಕಿದರೆ ರಕ್ಷಣೆಯಿಲ್ಲದ ದರ ಬರುತ್ತದೆ. ಭಾರತ ಎಂದು ಹಾಕಿದರೆ ಹಾನಿ ರಕ್ಷಣೆಯೂ ಹೆಚ್ಚುವರಿ ಹೊಣೆಗಾರಿಕೆ ವಿಮೆಯೂ ಸೇರಿದ ಪ್ಯಾಕೇಜು ಹಲವು ಬಾರಿ ಸಿಗುತ್ತದೆ. ಮೊತ್ತ ನೋಡಲು ಹೆಚ್ಚೆನಿಸಿದರೂ ಕೌಂಟರಿನಲ್ಲಿ ಇವನ್ನೇ ಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಅಲ್ಲಿರುವ ಮಗನೋ ಮಗಳೋ ತಮ್ಮ ಖಾತೆಯಿಂದ ಬುಕ್ ಮಾಡಿಕೊಟ್ಟಾಗ ಈ ತಪ್ಪು ತಾನಾಗಿಯೇ ಆಗಿಬಿಡುತ್ತದೆ, ಅವರ ವಿಳಾಸ ಅಮೆರಿಕದ್ದಲ್ಲವೆ. ಕಾರು ಓಡಿಸುವವರ ಹೆಸರಲ್ಲೇ, ಅವರ ದೇಶದಿಂದಲೇ ಬುಕ್ ಆಗಬೇಕು.

ಕಾರ್ಡು, ಠೇವಣಿ, ಪರವಾನಗಿ

ಭಾರತದ ಡೆಬಿಟ್ ಕಾರ್ಡನ್ನೂ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡನ್ನೂ ಠೇವಣಿಗೆ ಒಪ್ಪದ ಕೌಂಟರುಗಳೇ ಹೆಚ್ಚು. ಮುಖ್ಯ ಚಾಲಕರ ಹೆಸರು ಉಬ್ಬಚ್ಚಾಗಿಯೋ ಮುದ್ರಿತವಾಗಿಯೋ ಇರುವ ಕ್ರೆಡಿಟ್ ಕಾರ್ಡು ಬೇಕು. ಗಂಡನ ಕಾರ್ಡು, ಹೆಂಡತಿ ಚಾಲಕಿ ಎಂದರೆ ಒಪ್ಪುವುದಿಲ್ಲ. ಆಗ ಇರುವ ದಾರಿ ಅವರದೇ ದುಬಾರಿ ರಕ್ಷಣೆ ಕೊಂಡು ಠೇವಣಿ ತಗ್ಗಿಸಿಕೊಳ್ಳುವುದು, ಇಲ್ಲವೇ ಮುಂಗಡ ಕಟ್ಟಿದ ಹಣ ಬಿಟ್ಟು ಬರುವುದು.

2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ದಿನದ ಮಿತಿಯನ್ನು ಠೇವಣಿಗಿಂತ ಹೆಚ್ಚಿಗೆ ಏರಿಸಿ ಹೊರಡಬೇಕು. 1,500 ಯೂರೋ ತಡೆಹಿಡಿಯುವ ಕಡೆ ಆ್ಯಪ್‌ನಲ್ಲಿ 50,000 ರೂಪಾಯಿ ಮಿತಿ ಇದ್ದರೆ ಕಾರ್ಡು ತಿರಸ್ಕೃತವಾಗುತ್ತದೆ, ಖಾತೆಯಲ್ಲಿ ಎಷ್ಟೇ ಸಾಲಮಿತಿ ಇರಲಿ.

ಠೇವಣಿ ಬರೀ 'ಬ್ಲಾಕ್' ಆದರೆ ಖರ್ಚಿಲ್ಲ, ಬಿಡುಗಡೆಗೆ ಕೆಲವು ವಾರ ಹಿಡಿಯಬಹುದು ಅಷ್ಟೆ. ಕೆಲವರು ನಿಜವಾಗಿಯೇ ಹಣ ಎಳೆದುಕೊಂಡು ಆಮೇಲೆ ಹಿಂದಿರುಗಿಸುತ್ತಾರೆ. ಆಗ ಹೋದಾಗಿನ ದರ ಬೇರೆ, ಬಂದಾಗಿನ ದರ ಬೇರೆ. ಜೊತೆಗೆ ಬ್ಯಾಂಕಿನ ವಿದೇಶಿ ಶುಲ್ಕ. ಅದು 3.5 ಶೇಕಡ ಇರುವ ಕಾರ್ಡಿನಲ್ಲಿ, ಆ ಶುಲ್ಕದ ಮೇಲಿನ 18 ಶೇಕಡ ಜಿಎಸ್‌ಟಿ ಸೇರಿ 4.13 ಶೇಕಡ: 50,000 ರೂಪಾಯಿಗೆ 2,065. ಯಂತ್ರ 'ರೂಪಾಯಿಯಲ್ಲಿ ಕಟ್ಟುತ್ತೀರಾ?' ಎಂದು ಕೇಳಿದರೆ ಬೇಡವೆಂದು ಒತ್ತಿ ಆ ದೇಶದ ಹಣವನ್ನೇ ಆರಿಸಬೇಕು. ರೂಪಾಯಿ ಆರಿಸಿದರೆ ವಿನಿಮಯ ದರ ಅಂಗಡಿಯವರ ಕಡೆಯದ್ದು, ಅದು ಬ್ಯಾಂಕಿನ ದರಕ್ಕಿಂತ ಕೆಟ್ಟದ್ದಿರುತ್ತದೆ. ಸಾಲದ್ದಕ್ಕೆ ಅಂಥ ವಹಿವಾಟಿಗೂ ನಮ್ಮ ಕೆಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ.

ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್‌ಟಿಒ ಕೊಡುತ್ತದೆ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದರ ಜೊತೆ ಮೂಲ ಡಿಎಲ್ ಕೂಡ ಕೈಯಲ್ಲಿರಬೇಕು, ಮೊಬೈಲಿನ ಡಿಜಿಲಾಕರ್ ಪ್ರತಿ ಅಲ್ಲಿ ನಡೆಯುವುದಿಲ್ಲ. ಈ ಪರವಾನಗಿ ಕಡ್ಡಾಯವಿರುವ ಕಡೆ ಅದಿಲ್ಲದೆ ಕೌಂಟರಿಗೆ ಹೋದರೆ ಕಾರೂ ಇಲ್ಲ, ಮುಂಗಡವೂ ಇಲ್ಲ.

ರಸ್ತೆಯಲ್ಲಿ ಹುಟ್ಟುವ ಬಿಲ್ಲು

ನಮ್ಮಲ್ಲಿ ಫಾಸ್ಟ್ಯಾಗ್ ಕಾರಿಗೆ ಅಂಟಿರುತ್ತದೆ, ಗೇಟು ಕಣ್ಣಿಗೆ ಕಾಣುತ್ತದೆ. ಹೊರದೇಶಗಳಲ್ಲಿ ಗೇಟೇ ಇಲ್ಲದ ಟೋಲ್‌ಗಳು ಬಹಳ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ 2013ರಿಂದ ನಗದು ಪಡೆಯುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಓದಿದ ಬಿಲ್ಲು ಹೋಗುವುದು ಕಾರಿನ ಮಾಲೀಕರಿಗೆ, ಅಂದರೆ ಬಾಡಿಗೆ ಕಂಪನಿಗೆ. ಕಂಪನಿ ಟೋಲ್ ಹಣದ ಮೇಲೆ ತನ್ನ ಸೇವಾಶುಲ್ಕ ಸೇರಿಸುತ್ತದೆ. ಟೋಲ್ ಕೆಲವೇ ಡಾಲರ್, ಸೇವಾಶುಲ್ಕ ಅದಕ್ಕಿಂತ ಹೆಚ್ಚು, ಎಷ್ಟೋ ಒಪ್ಪಂದಗಳಲ್ಲಿ ಅದು ಒಂದು ಸಲ ಟೋಲ್ ದಾಟಿದರೂ ಬಾಡಿಗೆಯ ಎಲ್ಲ ದಿನಕ್ಕೂ ಲೆಕ್ಕ. ಇದನ್ನು ತಪ್ಪಿಸಲು ಹೊರಡುವ ಮೊದಲೇ ಆ ಸೇತುವೆಯ ಅಥವಾ ರಸ್ತೆಯ ಅಧಿಕೃತ ತಾಣದಲ್ಲಿ ಕಾರಿನ ನಂಬರ್ ಹಾಕಿ ಹಣ ಕಟ್ಟಬಹುದು. ಫ್ಲೋರಿಡಾದ ಒರ್ಲಾಂಡೊ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರಿನವರಿಗೆಂದೇ ಪುಕ್ಕಟೆ ಟೋಲ್ ಪಾಸ್ ಕೊಡುವ ವ್ಯವಸ್ಥೆ ಇದೆ, ಕನ್ನಡಿಗೆ ತೂಗುಹಾಕಿದರೆ ಟೋಲ್ ಮೊತ್ತ ಮಾತ್ರ ಕಟ್ಟಿದರಾಯಿತು.

ದುಬೈನ ಸಾಲಿಕ್ ಎಂಬ ಟೋಲ್ ಗೇಟುಗಳಲ್ಲಿ 2025ರ ಜನವರಿ ಕೊನೆಯಿಂದ ಹೊತ್ತಿಗೊಂದು ದರ: ಕೆಲಸದ ದಿನಗಳ ದಟ್ಟಣೆಯ ಹೊತ್ತಿನಲ್ಲಿ 6 ದಿರ್ಹಾಮ್, ಉಳಿದ ಹೊತ್ತು 4, ರಾತ್ರಿ 1ರಿಂದ ಬೆಳಗಿನ 6ರವರೆಗೆ ಇಲ್ಲ. ಬಾಡಿಗೆ ಕಂಪನಿಗಳು ಪ್ರತಿ ದಾಟಿಗೂ ತಮ್ಮ ಪಾಲು ಸೇರಿಸುವುದುಂಟು. ಅಲ್ಲಿ ಠೇವಣಿಯನ್ನು ಕಾರು ಕೊಟ್ಟ ಮೇಲೂ ಕೆಲವು ವಾರ ಇಟ್ಟುಕೊಳ್ಳುವುದು ತಡವಾಗಿ ಬರುವ ಸಂಚಾರಿ ದಂಡಕ್ಕಾಗಿ. ಲಂಡನ್ನಿನ ನಡುಭಾಗಕ್ಕೆ ಕಾರು ಒಯ್ದರೆ 2026ರ ಜನವರಿ 2ರಿಂದ ದಿನಕ್ಕೆ 18 ಪೌಂಡ್. ಕಟ್ಟುವುದು ಮರೆತರೆ ದಂಡ 180, ಬೇಗ ಕಟ್ಟಿದರೆ ಅದರ ಅರ್ಧ.

ಇಟಲಿಯನ್ನು ಬೇರೆಯಾಗಿಯೇ ಹೇಳಬೇಕು, ಅಲ್ಲಿನ ಬಿಲ್ಲುಗಳಷ್ಟು ಜನರನ್ನು ಕಂಗೆಡಿಸಿದ್ದು ಬೇರೆ ಇಲ್ಲ. ರೋಮ್, ಫ್ಲಾರೆನ್ಸ್, ಪೀಸಾ, ಸಿಯೆನಾದಂಥ ಹಳೆಯ ಊರುಗಳ ನಡುಭಾಗಕ್ಕೆ ಅನುಮತಿ ಇಲ್ಲದ ಕಾರು ಹೋಗುವಂತಿಲ್ಲ. ಇದು ಝಡ್‌ಟಿಎಲ್, ಸೀಮಿತ ಸಂಚಾರದ ವಲಯ. ಗೇಟಿಲ್ಲ, ಪೊಲೀಸರಿಲ್ಲ. ಕೆಂಪು ಅಂಚಿನ ಬಿಳಿ ವೃತ್ತದ ಫಲಕ ಮತ್ತು ಒಂದು ಕ್ಯಾಮೆರಾ ಅಷ್ಟೆ. ಅದರ ಪಕ್ಕದ ಎಲೆಕ್ಟ್ರಾನಿಕ್ ಫಲಕದಲ್ಲಿ 'ವಾರ್ಕೊ ಅತ್ತಿವೊ' ಎಂದು ಬರುತ್ತದೆ. ಮಾರ್ಗ ಸಕ್ರಿಯವಾಗಿದೆ, ಹಾಗಾದರೆ ಹೋಗಬಹುದು ಎಂದು ಹೊರಗಿನವರು ಓದಿಕೊಳ್ಳುತ್ತಾರೆ. ಅರ್ಥ ತದ್ವಿರುದ್ಧ: ನಿಗಾ ಸಕ್ರಿಯವಾಗಿದೆ, ಒಳಗೆ ಬರಬೇಡಿ. 'ನಾನ್ ಅತ್ತಿವೊ' ಎಂದಿದ್ದಾಗ ಮಾತ್ರ ಪ್ರವೇಶ ಮುಕ್ತ.

ಒಂದು ದಾಟಿಗೆ ದಂಡ ಸುಮಾರು 80 ಯೂರೋದಿಂದ ಶುರು. ಹೋಟೆಲ್ ಹುಡುಕುತ್ತಾ ಒಂದೇ ಗಂಟೆಯಲ್ಲಿ ಮೂರು ಕ್ಯಾಮೆರಾ ದಾಟಿದರೆ ಮೂರು ದಂಡ. ಪೊಲೀಸರು ಕಾರಿನ ಮಾಲೀಕರನ್ನು ಕೇಳಿದಾಗ ಬಾಡಿಗೆ ಕಂಪನಿ ಚಾಲಕರ ಹೆಸರು, ವಿಳಾಸ ಕೊಡುತ್ತದೆ. ಹೀಗೆ ಹೆಸರು ಹೇಳಿದ್ದಕ್ಕೇ ಒಂದೊಂದು ನೋಟಿಸಿಗೂ 30ರಿಂದ 60 ಯೂರೋ ಆಸುಪಾಸು ನಿರ್ವಹಣಾ ಶುಲ್ಕವನ್ನು ಕಾರ್ಡಿನಿಂದ ಎಳೆಯುತ್ತದೆ. ಇದನ್ನು ದಂಡವೆಂದು ತಿಳಿದು ಮುಗಿಯಿತು ಎಂದುಕೊಂಡವರಿಗೆ ತಿಂಗಳುಗಳ ನಂತರ ನಿಜವಾದ ದಂಡದ ನೋಟಿಸು ಮನೆಗೆ ಬರುತ್ತದೆ. ಹೊರದೇಶದವರಿಗೆ ನೋಟಿಸು ಕಳಿಸಲು ಇಟಲಿಯ ಕಾನೂನು 360 ದಿನಗಳ ಕಾಲ ಕೊಡುತ್ತದೆ. ತಲುಪಿದ 5 ದಿನದೊಳಗೆ ಕಟ್ಟಿದರೆ 30 ಶೇಕಡ ರಿಯಾಯಿತಿ. ನಿರ್ವಹಣಾ ಶುಲ್ಕದ ಇಂಥ ಷರತ್ತನ್ನು ಇಟಲಿಯ ಸ್ಪರ್ಧಾ ಪ್ರಾಧಿಕಾರವೇ ಗ್ರಾಹಕರಿಗೆ ಅನ್ಯಾಯದ್ದೆಂದು ಪ್ರಶ್ನಿಸಿದೆ. ಒಂದು ಇಮೇಲಿನ ಕೆಲಸಕ್ಕೆ ದಂಡದ ಅರ್ಧದಷ್ಟು ಹಣ ಪಡೆಯುವುದನ್ನು ಸಮರ್ಥಿಸುವುದು ಕಷ್ಟ.

ಹೋಟೆಲ್ ವಲಯದೊಳಗಿದ್ದರೆ ಮುಂಚೆಯೇ ಬರೆದು ಕೇಳಬೇಕು: ಕಾರಿನ ನಂಬರ್ ನೋಂದಾಯಿಸುತ್ತೀರಾ, ಯಾವ ಗೇಟಿನಿಂದ ಬರಬೇಕು, ಎಷ್ಟು ಹೊತ್ತು? ಅದಕ್ಕಿಂತ ಸುಲಭ, ವಲಯದ ಹೊರಗೆ ಕಾರು ನಿಲ್ಲಿಸಿ ನಡೆದು ಹೋಗುವುದು. ಇಟಲಿಯ ಹೆದ್ದಾರಿಯಲ್ಲಿ ಹಳದಿ ಟೆಲಿಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಸಾಲಿಗೆ ಹೋಗಬಾರದು, ಟಿಕೆಟ್ ಕೊಡುವ ಸಾಲಿಗೆ ಹೋಗಬೇಕು. ಮಿಲಾನ್ ಸುತ್ತಿನ ಎ36 ರಸ್ತೆಯಲ್ಲಿ ಗೇಟೇ ಇಲ್ಲ, 15 ದಿನದೊಳಗೆ ಆನ್‌ಲೈನ್ ಕಟ್ಟಬೇಕು.

ಗಡಿ ದಾಟುವುದೂ ಹಾಗೆಯೇ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಸ್ಟಿಕ್ಕರ್ ಬೇಕು. ಜಿನೀವಾ ಮತ್ತು ಬಾಸೆಲ್ ವಿಮಾನ ನಿಲ್ದಾಣಗಳಿಗೆ ಸ್ವಿಸ್ ಬದಿ, ಫ್ರೆಂಚ್ ಬದಿ ಎರಡಿವೆ. ಫ್ರೆಂಚ್ ಬದಿಯ ಅಗ್ಗದ ಕಾರಿಗೆ ಆ ಸ್ಟಿಕ್ಕರ್ ಇರುವುದಿಲ್ಲ. ಬೇರೆ ದೇಶಕ್ಕೆ ಒಯ್ಯುವುದನ್ನು ಒಪ್ಪಂದದಲ್ಲಿ ಬರೆಸದಿದ್ದರೆ, ಅಲ್ಲಿ ಅಪಘಾತವಾದಾಗ ರಕ್ಷಣೆಯೇ ರದ್ದಾಗಬಹುದು.

ಇಂಧನ ಮತ್ತು ಗಡಿಯಾರ

ತುಂಬಿದ ಟ್ಯಾಂಕು ಪಡೆದು ತುಂಬಿಸಿ ಕೊಡುವ ಷರತ್ತೇ ಒಳ್ಳೆಯದು. ಕೊನೆಯ ಬಂಕಿನ ರಸೀದಿ ಇಟ್ಟುಕೊಳ್ಳಬೇಕು. ತಪ್ಪು ಇಂಧನ ತುಂಬಿಸಿದರೆ ಟ್ಯಾಂಕು ಬರಿದು ಮಾಡುವ ಖರ್ಚೂ ಎಂಜಿನ್ ಕೆಟ್ಟರೆ ಅದರ ಖರ್ಚೂ ಪೂರ್ತಿ ಚಾಲಕರದ್ದು. ಇಟಲಿಯಲ್ಲಿ 'ಬೆಂಜಿನಾ' ಪೆಟ್ರೋಲ್, 'ಗಸೋಲಿಯೊ' ಡೀಸೆಲ್. ಅಮೆರಿಕದ ಗ್ಯಾಸೊಲಿನ್ ನೆನಪಿನಲ್ಲಿ ಗಸೋಲಿಯೊ ಹಿಡಿದರೆ ಕೆಟ್ಟಿತು. ಯುರೋಪಿನಲ್ಲಿ 2018ರಿಂದ ಪಂಪಿನ ಮೇಲೂ ಹೊಸ ಕಾರಿನ ಮುಚ್ಚಳದ ಒಳಗೂ ಒಂದೇ ಗುರುತು ಇದೆ: ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲಿಗೆ ಚೌಕದೊಳಗೆ ಬಿ7. ನ್ಯೂಜಿಲೆಂಡಿನಲ್ಲಿ ಡೀಸೆಲ್ ಗಾಡಿಗೆ ಇಂಧನದ ಬೆಲೆ ಅಗ್ಗವೆನಿಸುತ್ತದೆ, ರಸ್ತೆ ತೆರಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಬೇರೆಯಾಗಿ ಬರುತ್ತದೆ.

ಬಾಡಿಗೆಯ ದಿನವೆಂದರೆ 24 ಗಂಟೆ. ಬೆಳಿಗ್ಗೆ 10ಕ್ಕೆ ಪಡೆದದ್ದನ್ನು ಮಧ್ಯಾಹ್ನ ಕೊಟ್ಟರೆ ಇನ್ನೊಂದು ದಿನ. ಅಮೆರಿಕದಲ್ಲಿ ಸಾಮಾನ್ಯ ವಿನಾಯಿತಿ 29 ನಿಮಿಷ. ಬೇಗ ಕೊಟ್ಟರೂ ಲಾಭವಾಗಬೇಕೆಂದಿಲ್ಲ: ವಾರದ ದರದ ಕಾರನ್ನು 4 ದಿನಕ್ಕೆ ಕೊಟ್ಟರೆ ಲೆಕ್ಕ ದುಬಾರಿ ದಿನದ ದರಕ್ಕೆ ತಿರುಗಬಹುದು.

ಸ್ಕ್ಯಾನರ್ ವಿವಾದದ ಎರಡು ಬದಿ

ಕಂಪನಿಗಳ ವಾದ ತಳ್ಳಿಹಾಕುವಂಥದ್ದಲ್ಲ. ಕಾರು ಮಾರುವಾಗ ಚಿಕ್ಕ ಚಿಕ್ಕ ನೆಗ್ಗು, ಗೀರುಗಳೇ ಬೆಲೆ ಇಳಿಸುತ್ತವೆ. ಇಲ್ಲಿಯವರೆಗೆ ಆ ನಷ್ಟವನ್ನು ಜೋಪಾನದಿಂದ ಓಡಿಸಿದವರೂ ಸೇರಿ ಎಲ್ಲರೂ ಬಾಡಿಗೆಯಲ್ಲಿ ಹೊರುತ್ತಿದ್ದರು. ಯಂತ್ರ ಹೊರಡುವಾಗಲೂ ಬರುವಾಗಲೂ ಚಿತ್ರ ತೆಗೆದರೆ ಹಿಂದಿನವರ ಹಾನಿ ಮುಂದಿನವರ ತಲೆಗೆ ಬರುವುದಿಲ್ಲ. ಟಾರ್ಚು ಹಿಡಿದು ಬಗ್ಗಿ ನೋಡುವ ಸಿಬ್ಬಂದಿಗಿಂತ ಇದು ನಿಷ್ಪಕ್ಷಪಾತ.

ಗ್ರಾಹಕರ ಕಡೆಯ ತಕರಾರು ಯಂತ್ರದ ಕಣ್ಣಿನ ಬಗೆಗಿಂತ ಅದರ ಮುಂದಿನ ಹಂತದ ಬಗೆಗೆ. ಮನುಷ್ಯರಾದರೆ 'ಇದು ಸವೆತ, ಬಿಡಿ' ಎನ್ನುವ ಗುರುತನ್ನು ತಂತ್ರಾಂಶ ಬಿಲ್ಲಾಗಿಸುತ್ತದೆ. ಬಿಲ್ಲು ನಿಮಿಷಗಳಲ್ಲಿ ಬರುತ್ತದೆ, ಬೇಗ ಕಟ್ಟಿದರೆ ರಿಯಾಯಿತಿ ಎಂಬ ಆಮಿಷವೂ ಜೊತೆಗೆ. ಪ್ರಶ್ನಿಸಲು ಹೋದರೆ ಮಾತಾಡಲು ಮನುಷ್ಯರು ಸಿಗದ ದೂರುಗಳು ಬಂದಿವೆ. ಹಣ ತೆಗೆಯುವ ಅಧಿಕಾರವಿರುವ ಕಾರ್ಡು ಮಾತ್ರ ಅವರ ಬಳಿಯೇ ಇರುತ್ತದೆ.

ಈ ವ್ಯವಸ್ಥೆ ನ್ಯಾಯವಾಗಬೇಕಾದರೆ ಹೊರಡುವಾಗಿನ ಸ್ಕ್ಯಾನ್ ಚಿತ್ರ ಕೀ ಜೊತೆಗೇ ಗ್ರಾಹಕರ ಕೈಗೆ ಬರಬೇಕು, ಎಷ್ಟು ಅಳತೆಯ ಗುರುತಿಗೆ ಬಿಲ್ಲು ಎಂಬ ಮಿತಿ ಮೊದಲೇ ಬರೆದಿರಬೇಕು. ಅದು ಆಗುವವರೆಗೆ ಚಿಕ್ಕ ಬಿಲ್ಲುಗಳು ಹೆಚ್ಚುತ್ತವೆ, ಅವುಗಳ ಭಯದಿಂದ ಸೊನ್ನೆ ಎಕ್ಸೆಸ್ ರಕ್ಷಣೆಯ ಮಾರಾಟವೂ ಹೆಚ್ಚುತ್ತದೆ. ಆ ರಕ್ಷಣೆ 'ಕಡ್ಡಾಯ'ವಲ್ಲದ ಕಾರಣ ಹೊಸ ದರಪಟ್ಟಿ ಕಾನೂನುಗಳು ಅದನ್ನು ಮುಟ್ಟುವುದಿಲ್ಲ.

ಗ್ರಾಹಕರ ಕಡೆಯ ಸ್ಕ್ಯಾನ್

ಯಂತ್ರಕ್ಕೆ ಉತ್ತರ ಚಿತ್ರವೇ. ಕಾರು ನಿಲ್ಲಿಸಿದ ಜಾಗದಿಂದ ಕದಲಿಸುವ ಮೊದಲು ಒಂದು ಸುತ್ತು ನಿಧಾನವಾಗಿ ವಿಡಿಯೊ ಮಾಡಬೇಕು, ನಂಬರ್ ಪ್ಲೇಟಿನಿಂದ ಶುರುಮಾಡಿ ಎಲ್ಲೂ ನಿಲ್ಲಿಸದೆ. ಆಮೇಲೆ ನಾಲ್ಕು ರಿಮ್ಮುಗಳ ಹತ್ತಿರದ ಚಿತ್ರ, ಬಂಪರಿನ ಕೆಳಭಾಗ, ಮುಂಗಾಜಿನ ಓರೆನೋಟ, ಛಾವಣಿ, ಇಂಧನ ಮತ್ತು ಕಿಲೋಮೀಟರಿನ ಫಲಕ. ಈಗಷ್ಟೇ ತೊಳೆದು ಒದ್ದೆಯಿರುವ ಕಾರಿನಲ್ಲೂ ನೆಲಮಾಳಿಗೆಯ ಮಂದ ಬೆಳಕಿನಲ್ಲೂ ಗೀರು ಕಾಣುವುದಿಲ್ಲ, ಬೆಳಕಿಗೆ ತಂದು ಒರೆಸಿ ನೋಡಬೇಕು. ಒಪ್ಪಂದದ ಹಾನಿ ಚಿತ್ರದಲ್ಲಿ ಇಲ್ಲದ ಗುರುತು ಕಂಡರೆ ಅಲ್ಲೇ ಬರೆಸಿ, ಅದನ್ನೇ ಕಂಪನಿಯ ಇಮೇಲಿಗೂ ಕಳಿಸಬೇಕು. ಕಳಿಸಿದ ಸಮಯವೇ ಸಾಕ್ಷಿ.

ವಾಪಸು ಕೊಡುವಾಗ ಇದೆಲ್ಲ ಇನ್ನೊಮ್ಮೆ. ಕಚೇರಿ ಮುಚ್ಚಿದಾಗ ಪೆಟ್ಟಿಗೆಗೆ ಕೀ ಹಾಕಿ ಬರುವುದು ಅಪಾಯ: ಸಿಬ್ಬಂದಿ ಬೆಳಿಗ್ಗೆ ನೋಡುವವರೆಗೆ ಕಾರಿನ ಹೊಣೆ ಹಲವು ಒಪ್ಪಂದಗಳಲ್ಲಿ ಗ್ರಾಹಕರದ್ದೇ.

ಬಿಲ್ಲು ಬಂದೇಬಿಟ್ಟರೆ ರಿಯಾಯಿತಿಯ ಆತುರಕ್ಕೆ ಬಿದ್ದು ಕಟ್ಟಬಾರದು. ಬರಹದಲ್ಲಿ ನಾಲ್ಕು ಕೇಳಬೇಕು: ಹೊರಡುವಾಗಿನ ಮತ್ತು ಬಂದಾಗಿನ ದಿನಾಂಕವಿರುವ ಚಿತ್ರಗಳು, ರಿಪೇರಿಯ ಅಂದಾಜು ಅಥವಾ ರಸೀದಿ, ಕಾರು ಓಡದೆ ನಿಂತ ದಿನಗಳಿಗೆ ಹಣ ಕೇಳಿದ್ದರೆ ಆ ದಿನಗಳ ದಾಖಲೆ, ಆಡಳಿತ ಶುಲ್ಕ ಒಪ್ಪಂದದ ಯಾವ ಷರತ್ತಿನದು ಎಂಬುದು. ಬ್ರಿಟನ್ನಿನಲ್ಲಿ ಕಂಪನಿ ಬಿವಿಆರ್‌ಎಲ್‌ಎ ಎಂಬ ವಾಹನ ಬಾಡಿಗೆ ಕಂಪನಿಗಳ ಸಂಘದ ಸದಸ್ಯನಾಗಿದ್ದರೆ ಆ ಸಂಘದ ವ್ಯಾಜ್ಯ ಪರಿಹಾರಕ್ಕೆ ಹೋಗಬಹುದು. ಹಣ ಈಗಾಗಲೇ ಕಡಿತವಾಗಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿಗೆ ಬರಹದಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಡಿತವಾದ ಹಣದ ವಾಪಸಾತಿ ಕೇಳಬೇಕು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯ ಅವಧಿ 120 ದಿನ, ಆದರೆ ಬ್ಯಾಂಕಿಗೆ ತಿಳಿಸುವುದು ಸ್ಟೇಟ್‌ಮೆಂಟ್ ಕಂಡ ವಾರದಲ್ಲೇ ಆಗಬೇಕು. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಇಟಲಿಯ ನೋಟಿಸುಗಳು ಬರಲು ಒಂದು ವರ್ಷ ಹಿಡಿಯಬಹುದಾದ್ದರಿಂದ, ಆ ವಿಡಿಯೊ, ರಸೀದಿ, ಒಪ್ಪಂದದ ಪ್ರತಿಗಳನ್ನು ಫೋನು ಬದಲಾದರೂ ಕಳೆಯದ ಕಡೆ ಕನಿಷ್ಠ 18 ತಿಂಗಳು ಇಟ್ಟುಕೊಳ್ಳಬೇಕು.